ಬಟೋಶ್ ಚರ್ಚಿನ ಗಂಟೆ ವಾಪಸ್ ಬಂದಿಲ್ಲ: ಒಂದು ಸ್ಪಷ್ಟನೆ

ಕೆನಡಾದ ಸಸ್ಕಾಚೆವಾನ್ ಬಯಲಿನಲ್ಲಿರುವ ಬಟೋಶ್ ಹಳ್ಳಿಯ ಹಳೇ ಚರ್ಚಿನ ಬಗ್ಗೆ ಒಂದು ಮಾತು ಹರಿದಾಡುತ್ತಿದೆ. 1885ರಲ್ಲಿ ಸೈನಿಕರು ದೋಚಿದ ಅದರ ಗಂಟೆ 2013ರಲ್ಲಿ ಮರಳಿ ಸಿಕ್ಕಿತು ಅಂತ. ಅರ್ಧ ನಿಜ, ಅರ್ಧ ತಪ್ಪು.

1885ರ ಮೇ 9ರಿಂದ 12ರವರೆಗೆ ಮೇಟಿ ಜನ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ವಂಶದವರು) ಇಲ್ಲಿ ಸರ್ಕಾರಿ ಸೇನೆಯ ಎದುರು ಹೋರಾಡಿ ಸೋತರು. ಅವರ ನಾಯಕ ಲೂಯಿ ರಿಯೆಲ್‌ನನ್ನು ಅದೇ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಚರ್ಚ್ ಪಕ್ಕದ ಪಾದ್ರಿ ಮನೆಯ ಗೋಡೆಯಲ್ಲಿ ಗುಂಡಿನ ತೂತುಗಳು ಇವತ್ತಿಗೂ ಕಾಣುತ್ತವೆ.

ಸೈನಿಕರು ಒಂದು ಗಂಟೆಯನ್ನು ಒಂಟಾರಿಯೊಗೆ ಒಯ್ದದ್ದು ನಿಜ. ಅದು ಮಿಲ್‌ಬ್ರೂಕ್ ಊರಿನ ಮಾಜಿ ಸೈನಿಕರ ಸಂಘದಲ್ಲಿತ್ತು. 1991ರಲ್ಲಿ ಮೇಟಿಗಳು ಅದನ್ನು ಗುಟ್ಟಾಗಿ ಎತ್ತಿಕೊಂಡು ಹೋದರು. 2013ರಲ್ಲಿ ಬಟೋಶ್‌ನಲ್ಲಿ ಜನರ ಮುಂದೆ ತಂದಾಗ ಎಷ್ಟೋ ಹಿರಿಯರ ಕಣ್ಣು ತುಂಬಿತ್ತು. ಆ ಭಾವನೆಯನ್ನು ಯಾರೂ ಹಗುರವಾಗಿ ನೋಡಬಾರದು.

ಆದರೆ ಮರುವರ್ಷ ಹಳೇ ದಾಖಲೆಗಳನ್ನು ಹುಡುಕಿದವರಿಗೆ ಸಿಕ್ಕಿದ್ದೇ ಬೇರೆ. ಆ ಗಂಟೆ ಫ್ರಾಗ್ ಲೇಕ್ ಎಂಬ ಇನ್ನೊಂದು ಮಿಷನ್ ಚರ್ಚಿನದು. ಈಗಿನ ಆಲ್ಬರ್ಟಾದಲ್ಲಿರುವ ಆ ಊರಲ್ಲಿ 1885ರ ಏಪ್ರಿಲ್ 2ರಂದು ಇಬ್ಬರು ಪಾದ್ರಿಗಳೂ ಸೇರಿ ಒಂಬತ್ತು ಮಂದಿ ಹತರಾಗಿದ್ದರು. ಎರಡೂ ಕಡೆ ಅದೇ ಸಂಗ್ರಾಮ, ಎರಡೂ ಕಡೆ ಚರ್ಚ್. ಗೊಂದಲ ಆಗೋದು ಸಹಜ ಅಲ್ವಾ?

ಹಾಗಾದರೆ ಬಟೋಶ್‌ನ ನಿಜವಾದ ಗಂಟೆ? ಅದು ಹತ್ತಿರದ ಸೇಂಟ್ ಲಾರೆಂಟ್ ಚರ್ಚ್ ಸೇರಿತ್ತು. 1990ರ ಬೆಂಕಿಯಲ್ಲಿ ಹಾಳಾಯಿತು.