ಲಿಫ್ಟಿನಲ್ಲಿದ್ದ ಅಧ್ಯಕ್ಷರು

ನನ್ನ ಭಾವಮೈದುನನ ಎದುರು ಮೇ ತಿಂಗಳ ತಾರೀಕು ಹೇಳಬಾರದು. ಮಾವಿನಹಣ್ಣಿನ ರೇಟು ಹೇಳಬಹುದು, ಸೆಕೆ ಅಂತ ಗೊಣಗಬಹುದು. ತಾರೀಕು ಮಾತ್ರ ಬೇಡ. ಮೊನ್ನೆ ಭಾನುವಾರ ಊಟಕ್ಕೆ ಬಂದಿದ್ದ. ನನ್ನ ಹೆಂಡತಿ ಪಾಪ, ಗ್ಯಾಸ್ ಸಿಲಿಂಡರ್ ಇಪ್ಪತ್ತಾರನೇ ತಾರೀಕು ಬರುತ್ತಂತೆ ಅಂದಳು. ಅವಳು ಅಂದಿದ್ದು ಅಷ್ಟೇ. ಇವನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು.

"ಮೇ ಇಪ್ಪತ್ತಾರು! ಭಾವ, ಬಾರ್ಸಿಲೋನಾ!"

ಮುಗೀತು. ಹಪ್ಪಳ ಮೆತ್ತಗಾಗುವವರೆಗೂ ಬಾರ್ಸಿಲೋನಾ, ಅಂದರೆ 1999ರಲ್ಲಿ ಆ ಊರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಜರ್ಮನಿಯ ಬಯರ್ನ್ ಮ್ಯೂನಿಕ್‌ಗೂ ನಡೆದ ಯುರೋಪಿನ ಕ್ಲಬ್ ಫುಟ್‌ಬಾಲ್ ಫೈನಲ್. ಉಪ್ಪಿನಕಾಯಿ ಬಾಟಲಿ ಬಯರ್ನ್ ಗೋಲ್‌ಕೀಪರ್ ಆಲಿವರ್ ಕಾನ್ ಆಯಿತು. ತುಪ್ಪದ ಮಿಳ್ಳೆ ಬೆಕ್‌ಹ್ಯಾಮ್ ಆಗಿ ಟೇಬಲ್ಲಿನ ಮೂಲೆಗೆ ಹೋಯಿತು, ಕಾರ್ನರ್ ಕಿಕ್ ಒದೆಯಲು. ಚೆಂಡು ಒಂದು ಹುರಿದ ಕಡಲೆಬೀಜ. ಮ್ಯಾಂಚೆಸ್ಟರಿನ ಗೋಲ್‌ಕೀಪರ್ ಷ್ಮೈಕೆಲ್ ತನ್ನ ಗೋಲು ಬಿಟ್ಟು ಎದುರಾಳಿ ಗೋಲಿನ ತನಕ ಓಡಿಬಂದ ಅನ್ನುವುದನ್ನು ತೋರಿಸಬೇಕಿತ್ತು. ಅದಕ್ಕೆ ನಾನು ಕುಡಿಯುತ್ತಿದ್ದ ಮಜ್ಜಿಗೆ ಲೋಟವನ್ನೇ ಕಿತ್ತುಕೊಂಡ. ಶೆರಿಂಗ್‌ಹ್ಯಾಮ್ ಒಂದು ಗೋಲು. ಮತ್ತೆ ಮಿಳ್ಳೆ, ಮತ್ತೆ ಮೂಲೆ, ಸೋಲ್‌ಷಾರ್ ಕಾಲು ಚಾಚಿದ, ಎರಡನೇ ಗೋಲು. ಕಡಲೆಬೀಜ ಉಪ್ಪಿನಕಾಯಿ ಬಾಟಲಿಯ ಪಕ್ಕದಿಂದ ಹಾರಿ ನೆಲಕ್ಕೆ ಬಿತ್ತು.

"ತೊಂಬತ್ತು ನಿಮಿಷ ಆದ್ರೂ ಹಿಂದಿದ್ವಿ ಭಾವ. ಮೂರೇ ನಿಮಿಷ ಎಕ್ಸ್‌ಟ್ರಾ ಕೊಟ್ಟಿದ್ದು. ಅಷ್ಟರಲ್ಲಿ ನಾವು ಗೆದ್ವಿ!"

ಈ 'ನಾವು' ಕೇಳಿದಾಗ ನನಗೆ ಸ್ವಲ್ಪ ಉರಿಯುತ್ತದೆ. ಮ್ಯಾಂಚೆಸ್ಟರ್ ಹೋಗಲಿ, ಇವನು ಮಂಡ್ಯಕ್ಕೆ ಹೋಗುವುದಿದ್ದರೂ ಎರಡು ದಿನ ಯೋಚಿಸುತ್ತಾನೆ. ಅದೂ ಇರಲಿ. ಆ ಮ್ಯಾಚು ಶುರುವಾಗಿದ್ದು ನಮ್ಮ ಗಡಿಯಾರದ ಪ್ರಕಾರ ರಾತ್ರಿ ಹನ್ನೆರಡೂಕಾಲಿಗೆ. ಮುಗಿಯುವ ಹೊತ್ತಿಗೆ ಎರಡು ದಾಟಿತ್ತು. 1999ರಲ್ಲಿ ಇವನಿಗೆ ಆರು ವರ್ಷ. ನಮ್ಮ ಅತ್ತೆಯವರು ಒಂಬತ್ತು ಗಂಟೆಗೆ ಮನೆಯ ಲೈಟೆಲ್ಲ ಆರಿಸುವವರು, ಈಗಲೂ. ಆ ರಾತ್ರಿ ಇವನು ಬಾಯಿ ತೆರೆದುಕೊಂಡು ಮಲಗಿದ್ದ ಅನ್ನುವುದಕ್ಕೆ ನನಗೆ ಸಾಕ್ಷಿ ಬೇಕಿಲ್ಲ. ಆದರೂ ನೋಡಿ, ನೆನಪು ಎಷ್ಟು ಚೆನ್ನಾಗಿದೆ! ಕಣ್ಣಲ್ಲಿ ನೀರು ಬೇರೆ.

ತಾವು ಹುಟ್ಟುವ ಮೊದಲಿನ ಮ್ಯಾಚುಗಳನ್ನೂ ಜನ ಹೀಗೆ ನೆನೆಸಿಕೊಳ್ಳುತ್ತಾರೆ.  

ನಾನು ಆ ಮ್ಯಾಚು ನೋಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಯಾಕೆಂದರೆ ಅದೇ ದಿನ, ಅದೇ 26ನೇ ತಾರೀಕು, ಇಂಗ್ಲೆಂಡಿನ ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ ವಿಶ್ವಕಪ್ ಮ್ಯಾಚಿತ್ತು. ಗಂಗೂಲಿ 183. ನಮ್ಮ ದ್ರಾವಿಡ್ 145. ಇಬ್ಬರೂ ಸೇರಿ 318 ರನ್ ಜೊತೆಯಾಟ. ಅಲ್ಲಿಯವರೆಗೆ ಒಂದು ದಿನದ ಕ್ರಿಕೆಟ್ಟಿನಲ್ಲಿ ಯಾರೂ ಕೂಡಿಸಿರದ ರನ್ನು ಅದು. ದ್ರಾವಿಡ್ ಅವತ್ತು ವಿಕೆಟ್ ಕೀಪಿಂಗನ್ನೂ ಮಾಡಿದ್ದರು. ಮಧ್ಯಾಹ್ನದಿಂದ ರಾತ್ರಿಯವರೆಗೆ ಅದನ್ನು ನೋಡಿ ಹೊಟ್ಟೆ ತುಂಬಿದ ಬೆಂಗಳೂರಿನ ಮನುಷ್ಯ ಮತ್ತೆ ಹನ್ನೆರಡೂಕಾಲಿಗೆ ಎದ್ದು ಕೂತು ಜರ್ಮನ್ನರ ಫುಟ್‌ಬಾಲ್ ನೋಡುತ್ತಾನಾ? ಅಮ್ಮ ಟೀವಿಗೆ ಕಸೂತಿ ಬಟ್ಟೆ ಹೊದಿಸಿ ಆಗಿತ್ತು. ಅದನ್ನು ತೆಗೆಯುವ ಧೈರ್ಯ ನಮ್ಮ ಮನೆಯಲ್ಲಿ ಅಪ್ಪನಿಗೂ ಇರಲಿಲ್ಲ. ಅಂದಹಾಗೆ ಆ ಮ್ಯಾಚಿನ ಮಾತು ಬಂದಾಗಲೂ ಜನ ಹೇಳುವುದು ಗಂಗೂಲಿ ಸಿಕ್ಸರ್ ಹೊಡೆದು ಚೆಂಡನ್ನು ನದಿಗೆ ಕಳಿಸಿದ್ದನ್ನೇ. ದ್ರಾವಿಡ್ 145 ಹೊಡೆದರೂ ಎರಡನೇ ಹೆಸರು. ಈ ಅನ್ಯಾಯದ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಇನ್ನು ಹಳೇ ಆಟಗಾರರು. ಸಾರು ಮುಗಿದು ಮೊಸರಿಗೆ ಬಂದಾಗ ಭಾವಮೈದುನ ಅಲ್ಲಿಗೆ ಬರುತ್ತಾನೆ. "ರಾಯ್ ಕೀನ್‌ನಂಥ ಕ್ಯಾಪ್ಟನ್ ಈಗೆಲ್ಲಿದಾನೆ? ಸ್ಕೋಲ್ಸ್‌ನಂಥ ಪಾಸ್ ಈಗ ಯಾರು ಕೊಡ್ತಾರೆ?" ಅಂತ ಶುರು. ಅಯ್ಯಾ, ಆ ಫೈನಲ್ಲಿನಲ್ಲಿ ಕೀನೂ ಆಡಲಿಲ್ಲ, ಸ್ಕೋಲ್ಸೂ ಆಡಲಿಲ್ಲ. ಟ್ಯೂರಿನ್‌ನ ಸೆಮಿಫೈನಲ್ಲಿನಲ್ಲಿ ಹಳದಿ ಕಾರ್ಡು ತಗೊಂಡು ಇಬ್ಬರೂ ಹೊರಗೆ ಕೂತಿದ್ದರು. ಆಡಿದವರಲ್ಲಿ ಬ್ಲೊಮ್‌ಕ್ವಿಸ್ಟ್ ಅಂತ ಒಬ್ಬ ಸ್ವೀಡನ್ನಿನವನಿದ್ದ. ಒಂದು ಗಂಟೆಗೂ ಮೇಲೆ ಎಡಗಡೆ ಓಡಿ ಓಡಿ ಸುಸ್ತಾದ. ಅವನ ಜಾಗಕ್ಕೇ ಶೆರಿಂಗ್‌ಹ್ಯಾಮ್ ಬಂದಿದ್ದು. ಬ್ಲೊಮ್‌ಕ್ವಿಸ್ಟ್ ಹೆಸರು ಹೇಳಿದರೆ ಇವನು, "ಹೌದಾ, ಅವನೂ ಇದ್ನಾ?" ಅನ್ನುತ್ತಾನೆ. ಇದು ಅಭಿಮಾನ!

ಹಳೇ ಆಟಗಾರರೂ ಕಮ್ಮಿಯಿಲ್ಲ ಬಿಡಿ. ಶೂ ಬಿಚ್ಚಿದ ಮರುದಿನದಿಂದ ಸ್ಟುಡಿಯೋದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಈಗಿನ ಹುಡುಗರಿಗೆ ಬೆನ್ನುಮೂಳೆಯೇ ಇಲ್ಲ ಅನ್ನುತ್ತಾರೆ. ವಾರವಾರ ಅದೇ ಮಾತು, ಸೂಟು ಮಾತ್ರ ಬೇರೆ. ಅದಕ್ಕೆ ಸಂಬಳವೂ ಇದೆ. ನಮ್ಮ ಬೀದಿಯ ಹಿರಿಯರು ಪಾರ್ಕಿನ ಕಲ್ಲುಬೆಂಚಿನಲ್ಲಿ ಕೂತು ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿದ್ದಾರೆ.

ಮ್ಯಾಂಚೆಸ್ಟರಿನ ಹಳೇ ಆಟಗಾರರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಜಾರ್ಜ್ ಬೆಸ್ಟ್. ಆತ ಅವತ್ತು ಸ್ಟೇಡಿಯಮ್ಮಿನಲ್ಲೇ ಇದ್ದರಂತೆ. ಇದು ಗೆಲ್ಲುವ ಮ್ಯಾಚಲ್ಲ ಅಂತ ಕೊನೆಗೆ ಎದ್ದು ಹೊರಟೇಬಿಟ್ಟರಂತೆ. ಎರಡು ಗೋಲನ್ನೂ ನೋಡಲಿಲ್ಲವಂತೆ. ಈ ಕಥೆ ಭಾವಮೈದುನನಿಗೆ ಗೊತ್ತು, ಆದರೆ ಎಂದೂ ಹೇಳುವುದಿಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಮನುಷ್ಯ ಇನ್ನೊಬ್ಬರಿದ್ದಾರೆ. ಲೆನಾರ್ಟ್ ಯೊಹಾನ್ಸನ್. ಯುರೋಪಿನ ಇಡೀ ಫುಟ್‌ಬಾಲಿಗೆ ಆಗ ಅವರೇ ಅಧ್ಯಕ್ಷರು. ಎಪ್ಪತ್ತರ ಹತ್ತಿರದ ಹಿರಿಯರು. ಮ್ಯಾಚು ಮುಗಿದ ಮೇಲೆ ಕಪ್ ಕೊಡುವುದು ಅವರ ಕೆಲಸ. ತೊಂಬತ್ತನೇ ನಿಮಿಷ ಹತ್ತಿರವಾಯಿತು. ಬಯರ್ನ್ ಮ್ಯೂನಿಕ್ ಒಂದು ಗೋಲು ಮುಂದಿದೆ. ಬಾಸ್ಲರ್ ಆರನೇ ನಿಮಿಷದಲ್ಲೇ ಹೊಡೆದ ಗೋಲು. ಇನ್ನೇನಾಗುತ್ತೆ ಅಂದುಕೊಂಡು ಅಧ್ಯಕ್ಷರು ಎದ್ದರು, ಕೋಟು ಸರಿಮಾಡಿಕೊಂಡರು (ಇದು ನನ್ನ ಸೇರಿಕೆ), ಕೆಳಗಿಳಿಯಲು ಲಿಫ್ಟ್ ಹತ್ತಿದರು. ಬಾಗಿಲು ಮುಚ್ಚಿತು. ಕೆಳಗೆ ಬಂದು ಮೈದಾನದ ಕಡೆ ನಡೆದು ನೋಡಿದರೆ, ಗೆದ್ದವರು ಅಳುತ್ತಿದ್ದಾರೆ, ಸೋತವರು ಕುಣಿಯುತ್ತಿದ್ದಾರೆ. ಇದೇನಿದು ಅಂತ ಅವರಿಗೆ ತಲೆಬುಡ ತಿಳಿಯಲಿಲ್ಲವಂತೆ.

ಆ ಲಿಫ್ಟಿನ ಬಗ್ಗೆ ನಾನು ಬೇಕಾದ್ದಕ್ಕಿಂತ ಜಾಸ್ತಿ ಯೋಚನೆ ಮಾಡಿದ್ದೇನೆ. ಒಳಗೆ ಕನ್ನಡಿ ಇತ್ತಾ? ಜೊತೆಗೆ ಯಾರಿದ್ದರು? ಬಟನ್ ಒತ್ತಲು ಒಬ್ಬ ಹುಡುಗನಂತೂ ಇದ್ದೇ ಇರುತ್ತಾನೆ, ಅಧ್ಯಕ್ಷರು ಅಂದಮೇಲೆ. ತೊಂಬತ್ತು ಸಾವಿರ ಜನರ ಕೂಗು ಲಿಫ್ಟಿನೊಳಗೆ ಹೇಗೆ ಕೇಳಿಸಿರಬೇಕು? ಕೂಗಿಗೆ ಊರಿನ ಹೆಸರು ಬರೆದಿರುವುದಿಲ್ಲವಲ್ಲ. ಓ, ಜರ್ಮನ್ನರು ಕೂಗುತ್ತಿದ್ದಾರೆ ಅಂದುಕೊಂಡಿರಬೇಕು. ಜರ್ಮನ್ ಭಾಷೆಯಲ್ಲಿ ಅಭಿನಂದನೆಯ ಎರಡು ಮಾತು ಬಾಯಿಪಾಠ ಮಾಡಿಕೊಳ್ಳುತ್ತಿದ್ದರೋ ಏನೋ.

ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. 2011ರ ಏಪ್ರಿಲ್ 2, ವಾಂಖೆಡೆ ಫೈನಲ್. ಗೆಲುವು ಖಾತ್ರಿ ಅನ್ನಿಸಿದ ಕೂಡಲೆ ಮೇಷ್ಟ್ರಿಗೆ ಪಟಾಕಿ ನೆನಪಾಯಿತು. ಹಿಂದಿನ ದೀಪಾವಳಿಯಲ್ಲಿ ಉಳಿದಿದ್ದು, ಸ್ಕೂಟರಿನ ಡಿಕ್ಕಿಯಲ್ಲಿತ್ತು. "ಒಂದ್ನಿಮಿಷ, ತಂದ್ಬಿಡ್ತೀನಿ" ಅಂತ ಚಪ್ಪಲಿ ಮೆಟ್ಟಿ ಹೊರಟರು. ಮೆಟ್ಟಿಲು ಇಳಿಯಬಹುದಿತ್ತು, ಎರಡೇ ಮಹಡಿ. ಮಂಡಿ ನೋವು ಅಂತ ಲಿಫ್ಟ್ ಹತ್ತಿದರು. ಧೋನಿ ಆ ಸಿಕ್ಸರ್ ಎತ್ತಿದ್ದು ಮೇಷ್ಟ್ರು ಒಂದನೇ ಮಹಡಿ ದಾಟುವಾಗ. ಮೇಲಿಂದಲೂ ಕೆಳಗಿಂದಲೂ ಒಂದೇ ಸಲ ಕಿರುಚಾಟ. ಲಿಫ್ಟಿನ ತಂತಿಗಳೇ ಅಲ್ಲಾಡಿದವಂತೆ. ಭೂಕಂಪವೋ, ವಿಕೆಟ್ಟೋ, ಗೆಲುವೋ ಗೊತ್ತಾಗಲಿಲ್ಲ. ಕೆಳಗೆ ಬಾಗಿಲು ತೆರೆದಾಗ ವಾಚ್‌ಮನ್ ಓಡಿಬಂದು ಇವರನ್ನು ತಬ್ಬಿಕೊಂಡ. ಆ ವಾಚ್‌ಮನ್ ಅದಕ್ಕೆ ಮುಂಚೆ ಮೇಷ್ಟ್ರಿಗೆ ನಮಸ್ಕಾರವನ್ನೂ ಮಾಡಿದವನಲ್ಲ, ಪಾರ್ಕಿಂಗ್ ಜಗಳ. ತಬ್ಬಿಕೊಂಡಾಗಲೇ ಗೊತ್ತಾಗಿದ್ದು ಗೆದ್ದೆವು ಅಂತ. ಪಟಾಕಿ ಮೆತ್ತಗಾಗಿತ್ತು, ಒಂದೂ ಹೊಡೆಯಲಿಲ್ಲ.

ಮೇಷ್ಟ್ರು ಈ ಕಥೆ ಹೇಳುವಾಗ ಒಂದು ಅಕ್ಷರ ಬದಲಾಗುವುದಿಲ್ಲ. ಹೊಸ ಬಾಲ ಸೇರುವುದಿಲ್ಲ. ಆ ಸಿಕ್ಸರನ್ನು ನೋಡಿದೆ ಅಂತ ಎಂದೂ ಹೇಳುವುದಿಲ್ಲ, ಆಮೇಲೆ ಟೀವಿಯಲ್ಲಿ ನೂರು ಸಲ ತೋರಿಸಿದ್ದರೂ. "ನಾನು ಲಿಫ್ಟಲ್ಲಿದ್ದೆ ಕಣ್ರೀ" ಅನ್ನುತ್ತಾರೆ. ದೊಡ್ಡ ಮ್ಯಾಚುಗಳ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ನಂಬುವುದು ಇವರೊಬ್ಬರನ್ನೇ. ಯೊಹಾನ್ಸನ್ನರೂ ಇವರೂ ಪಕ್ಕಪಕ್ಕ ಕೂತಿದ್ದರೆ ಕಾಫಿ ಮೇಲೆ ಕಾಫಿ ಆಗಿರೋದು. ಅಧ್ಯಕ್ಷರು 2019ರಲ್ಲಿ ತೀರಿಕೊಂಡರು.

ಎಲ್ಲಿದ್ದೆ? ಹಾಂ, ಭಾವಮೈದುನ.

ಅವನ ಮ್ಯಾಚಿನಲ್ಲಿ ಬಯರ್ನ್ ಇರುವುದು ಸೋಲಲಿಕ್ಕೆ ಮಾತ್ರ. ಅವರು ಕೊನೆಯ ಹದಿನೈದು ನಿಮಿಷದಲ್ಲಿ ಒಂದು ಸಲ ಕಂಬಕ್ಕೆ, ಇನ್ನೊಂದು ಸಲ ಮೇಲಿನ ಪಟ್ಟಿಗೆ ಹೊಡೆದಿದ್ದರು. ಮೊದಲನೆಯದು ಶೋಲ್, ಎರಡನೆಯದು ಯಾಂಕರ್ ಗೋಲಿಗೆ ಬೆನ್ನು ಹಾಕಿ ತಲೆಯ ಮೇಲಿಂದ ಒದ್ದಿದ್ದು. ಇವೆರಡರಲ್ಲಿ ಒಂದು ಒಳಗೆ ಹೋಗಿದ್ದರೆ ಇವತ್ತು ನಮ್ಮ ಮನೆಯಲ್ಲಿ ಎಲ್ಲರೂ ಶಾಂತವಾಗಿ ಊಟ ಮಾಡುತ್ತಿದ್ದೆವು. ನನ್ನ ಮರುಕವೆಲ್ಲ ಬಯರ್ನ್‌ನ ಲೋಥರ್ ಮಥಾಯಸ್ ಮೇಲೆ. ಮೂವತ್ತೆಂಟು ವರ್ಷ. ವಿಶ್ವಕಪ್ ಗೆದ್ದವನು. ಸಿಗದೇ ಇದ್ದಿದ್ದು ಈ ದೊಡ್ಡ ಕಪ್. ಕೊನೆಯ ಹತ್ತು ನಿಮಿಷ ಇರುವಾಗ, ಸಾಕು ಬಾ ಅಂತ ಹೊರಗೆ ಕರೆಸಿಕೊಂಡರು. ಬೆಂಚಿನಲ್ಲಿ ಕೂತು ಎರಡು ಗೋಲನ್ನೂ ನೋಡಿದ. ಇದಕ್ಕಿಂತ ವಿಚಿತ್ರ, 1987ರಲ್ಲಿ ವಿಯೆನ್ನಾದಲ್ಲಿ ನಡೆದ ಇದೇ ಕಪ್ಪಿನ ಫೈನಲ್ಲಿನಲ್ಲೂ ಅವನಿಗೆ ಇದೇ ಗತಿಯಾಗಿತ್ತು. ಅವತ್ತೂ ಬಯರ್ನ್ ಒಂದು ಗೋಲು ಮುಂದೆ, ಕೊನೆಯ ಹದಿನೈದು ನಿಮಿಷದಲ್ಲಿ ಪೋರ್ಚುಗಲ್ಲಿನ ಪೋರ್ಟೋ ತಂಡ ಎರಡು ಹೊಡೆದು ಕಪ್ ಒಯ್ದಿತು. ಒಂದೇ ಏಟು ಹನ್ನೆರಡು ವರ್ಷ ಬಿಟ್ಟು ಅದೇ ಜಾಗಕ್ಕೆ. 2001ರಲ್ಲಿ ಬಯರ್ನ್ ಕಡೆಗೂ ಕಪ್ ಗೆದ್ದಾಗ ಈತ ತಂಡ ಬಿಟ್ಟು ಹೋಗಿ ಆಗಿತ್ತು.

ಬಾರ್ಸಿಲೋನಾದ ಆ ರಾತ್ರಿ ಬಯರ್ನ್ ಪರ ಆಡಿದ ಘಾನಾ ದೇಶದ ಕುಫೋರ್ ನೆಲಕ್ಕೆ ಬಿದ್ದು ಹುಲ್ಲನ್ನು ಮುಷ್ಟಿಯಿಂದ ಗುದ್ದುತ್ತಿದ್ದ. ರೆಫರಿ ಕೊಲಿನಾ ಬಂದು, ಏಳಪ್ಪಾ, ಇನ್ನೂ ಆಟ ಇದೆ ಅನ್ನುವ ಹಾಗೆ ಬಿದ್ದವರನ್ನು ಎಬ್ಬಿಸುತ್ತಿದ್ದರು. ಆಟ ಇದ್ದಿದ್ದು ಕೆಲವೇ ಸೆಕೆಂಡು. ನಿಯಮ ಅಂದರೆ ನಿಯಮ. ಇದನ್ನೆಲ್ಲ ಆಮೇಲೆ ವಿಡಿಯೋದಲ್ಲಿ ನೋಡಿದೆ, ಭಾವಮೈದುನನ ಫೋನಿನಲ್ಲೇ. ಅವನು ಬೆರಳಿಂದ ಮುಂದಕ್ಕೆ ಓಡಿಸುತ್ತಿದ್ದ, ಕಪ್ ಎತ್ತುವ ಜಾಗಕ್ಕೆ. ನಿಲ್ಲಿಸೋ, ಆ ಕುಫೋರ್ ಹತ್ತಿರ ನಿಲ್ಲಿಸು ಅಂದೆ. "ಅದರಲ್ಲೇನಿದೆ ಭಾವ" ಅಂದ.

ಊಟ ಮುಗಿದು ಎಲೆಅಡಿಕೆ ತಟ್ಟೆ ಬಂತು. ನನಗೂ ಸ್ವಲ್ಪ ಹಟ ಬಂದಿತ್ತು. ನೋಡದ್ದನ್ನು ಇಷ್ಟು ಹೇಳುವವನು ನೋಡಿದ್ದನ್ನು ಇನ್ನೆಷ್ಟು ಹೇಳಬೇಡ ಅಂತ, ಇದೇ ಕಪ್ಪಿನ 2008ರ ಮಾಸ್ಕೋ ಫೈನಲ್ ಕೇಳಿದೆ. ಮ್ಯಾಂಚೆಸ್ಟರ್, ಚೆಲ್ಸಿ. ಆಗ ಇವನ ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದು ರಜೆ. ರಾತ್ರಿ ಮೂರರವರೆಗೆ ಎದ್ದಿದ್ದು ನನಗೇ ಗೊತ್ತು. ನಮ್ಮ ಮನೆಯ ಸೋಫಾದಲ್ಲೇ ಕೂತು ನೋಡಿದ್ದ, ಒಂದು ಡಬ್ಬಿ ಕೋಡುಬಳೆ ಖಾಲಿ ಮಾಡಿದ್ದ.

"ಹೂಂ, ನೋಡಿದ್ದೆ" ಅಂದ. ಅಡಿಕೆ ಬಾಯಿಗೆ ಹಾಕಿಕೊಂಡ. "ಮಳೆ ಬರ್ತಿತ್ತು. ಪೆನಾಲ್ಟಿ ಹೊಡೆಯೋವಾಗ ಚೆಲ್ಸಿಯ ಟೆರಿ ಜಾರಿಬಿಟ್ಟ. ಗೆದ್ವಿ."

"ಅಷ್ಟೇನಾ?"

"ಮತ್ತಿನ್ನೇನು?" ಅಂದ.