ಬಣ್ಣ ಹೊಡೆದದ್ದೆಲ್ಲ ರೀಕಂಡೀಷನ್ ಅಲ್ಲ

ನಾನು ಮೊದಲ ಸಲ ರೀಕಂಡೀಷನ್ ಟ್ರ್ಯಾಕ್ಟರ್ (ಬಿಚ್ಚಿ, ಸವೆದ ಭಾಗ ಸರಿಪಡಿಸಿ ಮಾರುವ ಹಳೆಯ ಗಾಡಿ) ಕೊಂಡಾಗ ಅದರ ಮುಂದಿನ ಆಕ್ಸಲ್‌ನ ಗ್ರೀಸ್ ನಿಪ್ಪಲ್‌ಗಳ (ಗ್ರೀಸ್ ತುಂಬುವ ಸಣ್ಣ ಮೂತಿಗಳ) ಮೇಲೂ ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು. ಅದು ಕಣ್ಣಿಗೆ ಬಿದ್ದಿತ್ತು, ಆದರೆ ಅದರ ಅರ್ಥ ಹೊಳೆಯಲಿಲ್ಲ. ಮನೆಗೆ ತಂದು ಗ್ರೀಸ್ ಗನ್ ಹಿಡಿದಾಗ ನಿಪ್ಪಲ್‌ನ ಬಾಯಿ ಬಣ್ಣದಿಂದ ಕಟ್ಟಿಕೊಂಡಿತ್ತು. ಬಿಚ್ಚಿ ನೋಡಿದರೆ ಮುಂದಿನ ಚಕ್ರ ತಿರುಗುವ ಗೂಟದ ಸುತ್ತಲಿನ ಕಿಂಗ್‌ಪಿನ್ ಬುಷ್‌ಗಳು ಸವೆದು ಕೈಯಲ್ಲೇ ಅಲುಗಾಡುತ್ತಿದ್ದವು. ಬಿಚ್ಚಿ ಜೋಡಿಸಿದ ಭಾಗಕ್ಕೆ ಗ್ರೀಸ್ ತುಂಬದೆ ಬಿಡುವ ಮೆಕ್ಯಾನಿಕ್ ಇಲ್ಲ. ಅಂದರೆ ಆ ಆಕ್ಸಲ್ಲನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅಳತೆಯ ಲೆಕ್ಕ ಕೊಡಲಾಗದ ಕೆಲಸವನ್ನು ರೀಕಂಡೀಷನ್ ಎಂದು ಕರೆಯಬಾರದು. ಎಂಜಿನ್ ಬಿಚ್ಚಿದ್ದೇವೆ ಎನ್ನುವವರು ಲೈನರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಎಷ್ಟು ಸವೆದಿತ್ತು, ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡವನ್ನು) 0.25 ಮಿಲಿಮೀಟರ್ ಗ್ರೈಂಡ್ ಮಾಡಿದರೋ 0.50 ಮಿಲಿಮೀಟರೋ, ಅದಕ್ಕೆ ತಕ್ಕ ಅಳತೆಯ ಬೇರಿಂಗ್ ಹಾಕಿದರೋ ಎಂಬುದನ್ನು ಬರೆದುಕೊಡಬೇಕು. ತೆಗೆದ ಹಳೆಯ ಪಿಸ್ಟನ್, ರಿಂಗ್, ಬೇರಿಂಗ್‌ಗಳನ್ನೂ ತೋರಿಸಬೇಕು. ನಿಜವಾಗಿ ಕೆಲಸ ಮಾಡಿದವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ, ಏಕೆಂದರೆ ಕಂಪ್ರೆಷನ್ (ಸಿಲಿಂಡರ್‌ನೊಳಗೆ ಗಾಳಿ ಅದುಮುವ ಬಲ) ಕಳೆದುಕೊಂಡ ಎಂಜಿನ್ ತನ್ನ ಗುಟ್ಟು ಬಿಡುವುದು ತಣ್ಣಗಿದ್ದಾಗಲೇ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸಿಲಿಂಡರ್‌ಗೆ ಇಳಿಯುತ್ತಿರಬಹುದು ಅಥವಾ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಅದರಲ್ಲಿ ನೀರು ಸೇರಿದೆ ಎಂದೇ ತಿಳಿಯಿರಿ. ಆಮೇಲೆ ಭಾರದ ಉಪಕರಣವನ್ನು ಲಿಫ್ಟ್‌ನಲ್ಲಿ ಎತ್ತಿ, ಎಂಜಿನ್ ನಿಲ್ಲಿಸಿ, ಅದರ ಕೆಳಗೆ ಕೈಕಾಲು ಹೋಗದಂತೆ ದೂರ ನಿಂತು ಸ್ವಲ್ಪ ಹೊತ್ತು ಗಮನಿಸಿ. ನೋಡನೋಡುತ್ತಲೇ ಕೆಳಗಿಳಿದರೆ ಹೈಡ್ರಾಲಿಕ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ.

ಎಂಜಿನ್ ಓಡಿದ ಗಂಟೆ ತೋರಿಸುವ ಮೀಟರನ್ನು ನಾನು ನಂಬುವುದಿಲ್ಲ. ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಅದು ಕೇಬಲ್‌ನಿಂದ ತಿರುಗುತ್ತದೆ. ಕೇಬಲ್ ತುಂಡಾದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ, ಮೀಟರನ್ನೇ ಬದಲಿಸುವುದೂ ಸುಲಭ. ಕ್ಲಚ್ ಪೆಡಲ್ ಎಷ್ಟು ಸವೆದಿದೆ, ಸ್ಟಿಯರಿಂಗ್ ಎಷ್ಟು ಆಟವಾಡುತ್ತದೆ ಎಂಬುದೇ ಹೆಚ್ಚು ನಂಬಿಕೆಯ ಲೆಕ್ಕ.

ಕ್ಲಚ್ ವಿಷಯವನ್ನು ವಿಶೇಷವಾಗಿ ಕೇಳಬೇಕು. ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಎಂಜಿನ್ನು ಮತ್ತು ಗೇರ್‌ಬಾಕ್ಸ್ ಸೇರಿಯೇ ಬೆನ್ನೆಲುಬು. ಆದ್ದರಿಂದ ಕ್ಲಚ್ ಪ್ಲೇಟ್ ಹಾಕಲು ಗಾಡಿಯನ್ನು ನಡುವಿನಲ್ಲೇ ಬೇರ್ಪಡಿಸಬೇಕು. ಅಷ್ಟು ದೊಡ್ಡ ಕೆಲಸ ಮಾಡಿದವರು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮತ್ತು ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲನ್ನು ಹಳೆಯದೇ ಉಳಿಸಿದ್ದರೆ, ಅವರು ಉಳಿಸಿದ ಅಲ್ಪ ಹಣಕ್ಕೆ ಮುಂದೊಂದು ದಿನ ನೀವು ಮತ್ತೆ ಪೂರ್ತಿ ಕೂಲಿ ತೆರಬೇಕಾಗುತ್ತದೆ.

ಕೊಂಡ ಮೇಲೆ ಮೊದಲ 50 ಗಂಟೆಗಳಲ್ಲಿ ಆಗುವ ತಪ್ಪು ನನಗೆ ಹೆಚ್ಚು ಬೇಸರ ತರುತ್ತದೆ. ಹೊಸದಾಗಿ ಜೋಡಿಸಿದ ಎಂಜಿನ್ ಪಳಗಲಿ ಎಂದು ತಾಸುಗಟ್ಟಲೆ ಐಡಲ್‌ನಲ್ಲಿ ಬಿಡುವವರಿದ್ದಾರೆ. ಹೊಸ ರಿಂಗ್‌ಗಳು ಲೈನರ್‌ಗೆ ಹೊಂದಿಕೊಳ್ಳುವುದು ಸಿಲಿಂಡರ್‌ನೊಳಗಿನ ಒತ್ತಡ ಅವನ್ನು ಗೋಡೆಗೆ ಒತ್ತಿದಾಗ. ಹೊರೆಯಿಲ್ಲದೆ ಓಡಿಸಿದರೆ ಗೋಡೆ ಗಾಜಿನಂತೆ ನುಣುಪಾಗಿ, ಆಯಿಲ್ ಮೇಲೇರತೊಡಗುತ್ತದೆ. ಹಾಗೆಂದು ಮೊದಲ ದಿನವೇ ಪೂರ್ತಿ ಹೊರೆ ಹಾಕಬಾರದು. ಹದವಾದ ಕೆಲಸ ಕೊಟ್ಟು, ವೇಗವನ್ನು ಆಗಾಗ ಬದಲಿಸುತ್ತಿರಬೇಕು. 50 ಗಂಟೆಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಟ್ಯಾಪೆಟ್ ಅಳತೆ (ವಾಲ್ವ್‌ಗಳ ಸಂದು) ನೋಡಿಸಬೇಕು.

ಮುಂದಿನ ನಿರ್ವಹಣೆಗೆ ಆ ಮಾದರಿಯ ಕೈಪಿಡಿಯೇ ಆಧಾರ. ಅನೇಕ ಟ್ರ್ಯಾಕ್ಟರ್‌ಗಳಿಗೆ 250 ಗಂಟೆಗೊಮ್ಮೆ ಎಂಜಿನ್ ಆಯಿಲ್ ಎಂದಿರುತ್ತದೆ, ಆದರೆ ಧೂಳಿನ ಕೆಲಸದಲ್ಲಿ ಏರ್ ಕ್ಲೀನರನ್ನು ದಿನವೂ ನೋಡಬೇಕು. ಒಳಗೆ ನುಗ್ಗಿದ ನುಣ್ಣನೆಯ ಧೂಳು ಹೊಸ ಲೈನರನ್ನು ಉಜ್ಜುಕಾಗದದಂತೆ ತಿನ್ನುತ್ತದೆ. ರೇಡಿಯೇಟರ್‌ಗೆ ಬರಿಯ ನೀರು ಬೇಡ, ಕೂಲೆಂಟ್ ಹಾಕಿ.

ಎಲ್ಲಕ್ಕಿಂತ ಗಂಭೀರವಾದ ಮಾತೊಂದು ಉಳಿದಿದೆ. ಅನೇಕ ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಚಾಲಕನನ್ನು ಕಾಯುವ ರೋಲ್ ಬಾರ್ (ಗಟ್ಟಿ ಚೌಕಟ್ಟು) ಆಗಲಿ ಸೀಟ್ ಬೆಲ್ಟ್ ಆಗಲಿ ಇರುವುದಿಲ್ಲ, ರೀಕಂಡೀಷನ್ ಮಾಡುವವರು ಅವುಗಳ ಯೋಚನೆಯನ್ನೂ ಮಾಡುವುದಿಲ್ಲ. ಟ್ರ್ಯಾಕ್ಟರ್ ಮಗುಚಿದಾಗ ಜೀವ ಉಳಿಸುವುದು ಇವೆರಡೂ ಸೇರಿಯೇ. ಅಂದಾಜಿಗೆ ಪೈಪ್ ಬಗ್ಗಿಸಿ ವೆಲ್ಡ್ ಮಾಡಿದ ಚೌಕಟ್ಟು ಸಾಲದು, ಆ ಮಾದರಿಗೆಂದೇ ಪರೀಕ್ಷಿಸಿ ಮಾಡಿದ್ದೇ ಬೇಕು. ಹಾಗೆಯೇ ಉಪಕರಣಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ಶಾಫ್ಟ್ 540 ಆರ್‌ಪಿಎಂನಲ್ಲಿ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಬಟ್ಟೆಯ ಅಂಚು ಸಿಕ್ಕಿಕೊಂಡರೆ ಕೈ ಹಿಂದೆಳೆದುಕೊಳ್ಳಲೂ ಸಮಯವಿರುವುದಿಲ್ಲ. ರೋಲ್ ಬಾರ್, ಬೆಲ್ಟ್, ಪಿಟಿಒ ಗಾರ್ಡ್ ಮೂರನ್ನೂ ಹಾಕಿಸಿಕೊಟ್ಟರೆ ಮಾತ್ರ ಗಾಡಿ ಒಯ್ಯುತ್ತೇನೆಂದು ಮುಂಗಡ ಕೊಡುವ ಮೊದಲೇ ಹೇಳಿ, ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.