ತೊಂಬತ್ತೇಳರ ಗಂಡಾಂತರ

ಪ್ರೀಮಿಯರ್‌ನಂಥ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಜೋಡಿಸಿದ ಮದುವೆ ವಿಡಿಯೊವನ್ನು ಎಕ್ಸ್‌ಪೋರ್ಟಿಗೆ, ಅಂದರೆ ಒಂದೇ ಫೈಲಾಗಿ ತೆಗೆಯಲು, ಹಾಕಿದಾಗ ನೀಲಿ ಗೆರೆ 40, 60, 80 ಪರ್ಸೆಂಟ್ ಎಂದು ಸಲೀಸಾಗಿ ಓಡುತ್ತದೆ. 97ಕ್ಕೆ ಬಂದದ್ದೇ ಕಾಶಿಯಾತ್ರೆಗೆ ಹೊರಟ ವರನ ಹಾಗೆ ಮುಖ ತಿರುಗಿಸಿ ನಿಲ್ಲುತ್ತದೆ. ವರನಿಗಾದರೆ ಕೊಡೆ, ಚಪ್ಪಲಿ ಕೊಟ್ಟು ಕರೆತರಬಹುದು. ಈ ಗೆರೆಗೆ ಕೊಡುವುದೇನು? ಹತ್ತು ನಿಮಿಷ ಕಾದರೆ ‘ಅನ್‌ನೋನ್ ಎರರ್’ ಎಂಬ ಪೆಟ್ಟಿಗೆ. ಏನೆಂದು ತನಗೇ ಗೊತ್ತಿಲ್ಲದ ತಪ್ಪನ್ನು ನಮ್ಮ ತಲೆಗೆ ಕಟ್ಟಿ, ಕೆಳಗೆ ‘ಓಕೆ’ ಎಂಬ ಒಂದೇ ಬಟನ್. ಓಕೆ ಅನ್ನದೆ ಗತಿಯಿಲ್ಲ.

ಆಗ ಎಲ್ಲರೂ ಮಾಡುವುದು ಒಂದೇ, ಮತ್ತೆ ಎಕ್ಸ್‌ಪೋರ್ಟ್ ಒತ್ತುವುದು. ಮತ್ತೆ 97. ಅಷ್ಟರಲ್ಲಿ ಹುಡುಗಿಯ ಸೋದರಮಾವನ ಫೋನು: “ಏನಪ್ಪಾ, ಕ್ಯಾಸೆಟ್ ರೆಡಿ ಆಯ್ತಾ?”

ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದ ಎರಡು ಗಂಟೆಯ ಟೈಮ್‌ಲೈನಿನಲ್ಲಿ 97 ಅಂದರೆ ಹೆಚ್ಚುಕಡಿಮೆ 1 ಗಂಟೆ 56ನೇ ನಿಮಿಷ. ಅಲ್ಲಿರುವುದು ಹೆಣ್ಣೊಪ್ಪಿಸುವ ದೃಶ್ಯ. ಅಮ್ಮನ ಕಣ್ಣೀರು ಸ್ಲೋ ಮೋಷನ್ನಿನಲ್ಲಿ, ಅದರ ಮೇಲೊಂದು ಬಂಗಾರದ ಹೊಳಪು, ಮಬ್ಬು ಬೆಳಕಲ್ಲಿ ತೆಗೆದದ್ದಕ್ಕೆ ಚಿತ್ರದ ಕಾಳುಕಾಳು ಅಳಿಸುವ ನಾಯ್ಸ್ ರಿಡಕ್ಷನ್, ಸಾಲದ್ದಕ್ಕೆ ಉದುರುವ ಗುಲಾಬಿ ಪಕಳೆ. ಅಮ್ಮನಿಗಿಂತ ಮೊದಲು 4 ಜಿಬಿಯ ಗ್ರಾಫಿಕ್ಸ್ ಕಾರ್ಡೇ ಅತ್ತುಬಿಡುತ್ತದೆ.

ಪರ್ಸೆಂಟಿಗೂ ನಿಮಿಷಕ್ಕೂ ಲೆಕ್ಕ ಕರಾರುವಾಕ್ಕಾಗಿ ತಾಳೆಯಾಗುವುದಿಲ್ಲ. ಹಾಗಾಗಿ ಕೊನೆಯ ಹತ್ತು ನಿಮಿಷಕ್ಕೆ ‘ಐ’ ಮತ್ತು ‘ಓ’ ಕೀಲಿಯಿಂದ ಇನ್, ಔಟ್ ಗುರುತು ಹಾಕಿ ಅಷ್ಟನ್ನೇ ಎಕ್ಸ್‌ಪೋರ್ಟ್ ಮಾಡಿ. ಅಲ್ಲಿ ಕೆಟ್ಟಿತೋ, ಅದರಲ್ಲಿ ಅರ್ಧ, ಮತ್ತೆ ಅರ್ಧ. ನಾಲ್ಕನೇ ಸಲಕ್ಕೆ ಕಳ್ಳ 40 ಸೆಕೆಂಡಿನೊಳಗೆ ಸಿಕ್ಕಿಬೀಳುತ್ತಾನೆ. ಈಗ ಎಫೆಕ್ಟುಗಳನ್ನು ಒಂದೊಂದಾಗಿ ಆಫ್ ಮಾಡಿ ನೋಡಿ, ಮೊದಲ ಅನುಮಾನ ನಾಯ್ಸ್ ರಿಡಕ್ಷನ್ ಮೇಲಿರಲಿ. ಹೊಳಪು ಬೇಕೇ ಬೇಕು ಅನ್ನುವ ಬೀಗರಿದ್ದರೆ ಆ ಕ್ಲಿಪ್ಪನ್ನು ಮಾತ್ರ ಹೊಳಪಿನ ಸಮೇತ, ಎಡಿಟಿಂಗಿಗೆ ಹಗುರವಾದ ಪ್ರೋರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಮಾದರಿಯ ಫೈಲಾಗಿ ತೆಗೆದು, ಹಳೆಯದರ ಜಾಗಕ್ಕೆ ಕೂರಿಸಿ. ಇನ್ನೂ ಹಟ ಮಾಡಿದರೆ, ವಿಡಿಯೊ ಕುಗ್ಗಿಸಿ ಬರೆಯುವ ಕೆಲಸಕ್ಕೆ ಹಾರ್ಡ್‌ವೇರ್ ಎನ್‌ಕೋಡಿಂಗ್ ಬಿಟ್ಟು ಸಾಫ್ಟ್‌ವೇರ್ ಎನ್‌ಕೋಡಿಂಗ್ ಆರಿಸಿ. ಎತ್ತಿನಗಾಡಿ ವೇಗ, ಆದರೆ ಊರು ಸೇರಿಸುತ್ತದೆ.

97ರ ಬದಲು 60ರ ಆಸುಪಾಸಿನಲ್ಲೇ ನಿಂತರೆ ಎಫೆಕ್ಟಿಗೆ ಬೈಯುವ ಮೊದಲು ಡಿಸ್ಕ್ ನೋಡಿ. 16 ಎಂಬಿಪಿಎಸ್ (ಸೆಕೆಂಡಿಗೆ 16 ಮೆಗಾಬಿಟ್) ಬಿಟ್‌ರೇಟಿನಲ್ಲಿ ಎರಡು ಗಂಟೆಗೆ, ಅಂದರೆ 7200 ಸೆಕೆಂಡಿಗೆ, 8 ಬಿಟ್‌ಗೆ ಒಂದು ಬೈಟಿನಂತೆ 16 × 7200 ÷ 8, ಅಂದರೆ 14,400 ಎಂಬಿ, ಹೆಚ್ಚುಕಡಿಮೆ 14 ಜಿಬಿ. ಡ್ರೈವಿನಲ್ಲಿ ಉಳಿದಿರುವುದು 9 ಜಿಬಿ. ನೂರು ಎಲೆ ಊಟಕ್ಕೆ ಅರವತ್ತು ಎಲೆ ತಂದು ಅಡುಗೆಭಟ್ಟರನ್ನು ಬೈದ ಹಾಗಾಯಿತು.

ಇನ್ನು ಕರೆಂಟು. ಎಂಪಿ4 ಫೈಲಿನ ವಿಳಾಸಪಟ್ಟಿ, ಅಂದರೆ ಯಾವ ಫ್ರೇಮ್ ಎಲ್ಲಿದೆ ಎಂಬ ಲೆಕ್ಕ, ಸಾಮಾನ್ಯವಾಗಿ ಬರೆಯಲ್ಪಡುವುದು ಕಟ್ಟಕಡೆಗೆ. 99ರಲ್ಲಿ ಕರೆಂಟು ಹೋದರೆ ಫೋಲ್ಡರಿನಲ್ಲಿ 14 ಜಿಬಿಯ ಫೈಲು ದಷ್ಟಪುಷ್ಟವಾಗಿ ಕೂತಿರುತ್ತದೆ, ಒಂದು ಸೆಕೆಂಡೂ ಓಡುವುದಿಲ್ಲ. ಲ್ಯಾಪ್‌ಟಾಪಿನವರು ನಗಬೇಡಿ, ಹಾಸಿಗೆ ಮೇಲಿಟ್ಟರೆ ಗಾಳಿಕಿಂಡಿ ಮುಚ್ಚಿ, ಬಿಸಿಗೆ ಅದೇ ನಿಧಾನವಾಗುತ್ತದೆ.

ಅಂತೂ ಫೈಲಾಯಿತು. 32 ಜಿಬಿ ಪೆನ್‌ಡ್ರೈವಿಗೆ ಹಾಕಹೋದರೆ ‘ಫೈಲು ತುಂಬ ದೊಡ್ಡದು’ ಅನ್ನುತ್ತದೆ. ಬೇಕಾದಷ್ಟು ಜಾಗ ಇದ್ದರೂ! ಪೆನ್‌ಡ್ರೈವು ಫೈಲುಗಳನ್ನು ಜೋಡಿಸಿಡುವ ಕ್ರಮ ಫ್ಯಾಟ್32 ಎಂಬ ಹಳೆಯದಾಗಿದ್ದರೆ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್ ಎಂಬ ಹೊಸ ಕ್ರಮಕ್ಕೆ ಫಾರ್ಮ್ಯಾಟ್ ಮಾಡಿ, ಆದರೆ ಇದ್ದದ್ದೆಲ್ಲ ಅಳಿಸಿಹೋಗುವುದರಿಂದ ಅದರಲ್ಲಿ ಬೀಗರ ಗೃಹಪ್ರವೇಶದ ಫೋಟೊಗಳಿಲ್ಲ ಎಂದು ನೋಡಿಕೊಂಡು. ಹಳೆಯ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ಫ್ಯಾಟ್32ರಲ್ಲೇ ಉಳಿದು, 8 ಎಂಬಿಪಿಎಸ್‌ಗೆ ಇಳಿಸಿ, ಗಂಟೆಗೊಂದರಂತೆ ಎರಡು ಭಾಗ ಮಾಡಿ. ಒಂದೊಂದೂ ಸುಮಾರು 3.6 ಜಿಬಿ. ವಿಡಿಯೊ ಕುಗ್ಗಿಸಲು ಹೊಸ ವಿಧಾನವಾದ ಎಚ್.265 ಬೇಡ, ಹಳೆಯ ಎಚ್.264 ಸಾಕು. ಅಜ್ಜಿಯ ಟಿವಿಗೆ ಹೊಸ ವಿದ್ಯೆ ಹತ್ತುವುದಿಲ್ಲ.

ಟಿವಿಯಲ್ಲಿ ಮುಹೂರ್ತ ಬರುತ್ತದೆ. ಗಟ್ಟಿಮೇಳ ಮೊಳಗುತ್ತದೆ. ವರನ ಕೈಯಲ್ಲಿನ್ನೂ ಜೀರಿಗೆ ಬೆಲ್ಲ! ಮೂರು ಸೆಕೆಂಡಾದ ಮೇಲೆ, ವಾದ್ಯವೆಲ್ಲ ನಿಂತ ಮೌನದಲ್ಲಿ, ಅವನು ತಾಳಿ ಕಟ್ಟುತ್ತಾನೆ. ಇದು ಎಕ್ಸ್‌ಪೋರ್ಟಿನ ದೋಷವಲ್ಲ, ಮುಹೂರ್ತವನ್ನು ಚಿತ್ರೀಕರಿಸಿದ ವರನ ತಮ್ಮನ ಫೋನಿನದು. ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್‌ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದನ್ನು, ಏರಿಳಿಸುತ್ತವೆ. ಟೈಮ್‌ಲೈನಿಗೆ ಸ್ಥಿರ 25 ಅಥವಾ 30 ಬೇಕು. ಕ್ಲಿಪ್ ಉದ್ದವಾದಷ್ಟೂ ಚಿತ್ರಕ್ಕೂ ಸದ್ದಿಗೂ ಅಂತರ ಬೆಳೆಯುತ್ತದೆ. ಎಡಿಟಿಂಗಿಗೆ ಕೂರುವ ಮೊದಲೇ ಫೋನಿನ ಕ್ಲಿಪ್ಪುಗಳನ್ನು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟೆಂಟ್ ಫ್ರೇಮ್‌ರೇಟ್’ ಆರಿಸಿ ಬದಲಾಯಿಸಿಕೊಳ್ಳಬೇಕು. ಹೆಸರಿಗೆ ಬ್ರೇಕು, ಕೆಲಸ ಮಾತ್ರ ಗಾಡಿ ಓಡಿಸುವುದು.

ಸದ್ದು ಸರಿಯಾಯಿತೆಂದು ಉಸಿರು ಬಿಡುವಷ್ಟರಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ತಾತ ಕನ್ನಡಕ ಏರಿಸುತ್ತಾರೆ. 55 ಇಂಚಿನ ತೆರೆಯ ತುಂಬ ‘ಕಲ್‌ಯಾಣೋತ್‌ಸವ’. ಒತ್ತಕ್ಷರಗಳೆಲ್ಲ ಸಾಲಿನಿಂದ ಎದ್ದು ಪಕ್ಕಕ್ಕೆ ಕೂತಿವೆ. “ಯಾರಪ್ಪಾ ಇದನ್ನ ಬರೆದೋನು?” ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಆರಿಸಿ, ಯೂನಿಕೋಡ್ ಫಾಂಟ್ ಹಾಕಬೇಕು. ಹಳೆಯ ಟೈಟಲ್ ಆದರೂ ಸರಿಹೋಗದಿದ್ದರೆ ಅಳಿಸಿ ಹೊಸದಾಗಿ ಟೈಪ್ ಮಾಡಿ.

ಆಮೇಲೆ ಮತ್ತೆ ಎಕ್ಸ್‌ಪೋರ್ಟ್. ಯುಪಿಎಸ್ ಹಾಕಿದ್ದೀರಿ ತಾನೆ?